ಮತ ಹೆಚ್ಚಾದರೂ ಸೋತಿದ್ದು ಹೇಗೆ? ಕೊಡಗಿನ ವಿಧಾನಸಭಾ ಫಲಿತಾಂಶವನ್ನು ಓದುವ ಬಗೆ

2018ರಲ್ಲಿ ಮಡಿಕೇರಿ ಕ್ಷೇತ್ರದಲ್ಲಿ ಬಿಜೆಪಿಯ ಎಂ.ಪಿ. ಅಪ್ಪಚ್ಚು ರಂಜನ್ ಅವರಿಗೆ 70,631 ಮತ ಬಿತ್ತು. ಗೆದ್ದರು. 2023ರಲ್ಲಿ ಅದೇ ಕ್ಷೇತ್ರ, ಅದೇ ಪಕ್ಷ, ಅದೇ ಅಭ್ಯರ್ಥಿ. ಈ ಸಲ ಬಿದ್ದಿದ್ದು 80,477 ಮತ. ಸೋತರು.

ಹತ್ತಿರ ಹತ್ತಿರ ಹತ್ತು ಸಾವಿರ ಮತ ಜಾಸ್ತಿ ತಗೊಂಡವರು ಸೋಲೋದು ಹೇಗೆ? ಫಲಿತಾಂಶದ ದಿನ ಟಿವಿಯವರು ಹೇಳಿದ್ದು ಒಂದೇ ಸಾಲು: ಕಾಂಗ್ರೆಸ್‌ನ ಡಾ. ಮಂತರ್ ಗೌಡ ಅವರಿಗೆ 4,402 ಮತಗಳ ಗೆಲುವು. ಆ ಸಾಲು ಸರಿಯಾಗೇ ಇದೆ. ಆದರೆ ಅಲ್ಲಿ ಏನಾಯ್ತು ಅನ್ನೋದು ಅದರಲ್ಲಿ ಇಲ್ಲ. ಅದು ತಿಳಿಯಬೇಕಾದರೆ ಪಟ್ಟಿಯಲ್ಲಿ ಮೂರನೇ ಸಾಲಿಗೆ ಬರಬೇಕು. ಗೆದ್ದವರು, ಸೋತವರು ಇಬ್ಬರನ್ನೂ ದಾಟಿ, ಮೂರನೆಯವರ ಎದುರಿಗೆ ಎಷ್ಟು ಬರೆದಿದೆ ಅಂತ ನೋಡಬೇಕು.

2018ರ ಪಟ್ಟಿ ತೆಗೆಯೋಣ. ರಂಜನ್ 70,631. ಎರಡನೇ ಸ್ಥಾನದಲ್ಲಿ ಜೆಡಿಎಸ್‌ನ ಬಿ.ಎ. ಜೀವಿಜಯ, 54,616. ಮೂರನೆಯವರು ಕಾಂಗ್ರೆಸ್‌ನ ಕೆ.ಪಿ. ಚಂದ್ರಕಲಾ, 38,219. ಅಂತರ 16,015. ಪತ್ರಿಕೆಗಳಲ್ಲಿ ನೋಡಿದವರಿಗೆ ಇದು ಭಾರಿ ಗೆಲುವು. ಈಗ ಎರಡನೆಯವರ ಮತಕ್ಕೆ ಮೂರನೆಯವರ ಮತ ಕೂಡಿಸಿ. 92,835 ಆಗುತ್ತದೆ. ಗೆದ್ದವರಿಗಿಂತ 22 ಸಾವಿರ ಜಾಸ್ತಿ. ಅಂದರೆ ಆ ಸಲ ಮಡಿಕೇರಿಯಲ್ಲಿ ಚಲಾವಣೆಯಾದ ನೂರು ಮತದಲ್ಲಿ ಗೆದ್ದವರಿಗೆ ಸಿಕ್ಕಿದ್ದು ಹೆಚ್ಚೂಕಡಿಮೆ 41. ಉಳಿದದ್ದು ಬೇರೆಯವರಿಗೆ ಹಂಚಿಹೋಗಿತ್ತು.

2023ಕ್ಕೆ ಬನ್ನಿ. ಜೀವಿಜಯ ಕಣದಲ್ಲಿ ಇರಲಿಲ್ಲ. ಜೆಡಿಎಸ್‌ನ ಮತ 54 ಸಾವಿರದಿಂದ ಆರು ಸಾವಿರದ ಆಸುಪಾಸಿಗೆ ಕುಸಿಯಿತು. ಮಂತರ್ ಗೌಡ ಅವರಿಗೆ 84,879. ಕಾಂಗ್ರೆಸ್ ಮತ್ತು ಜೆಡಿಎಸ್ ಎರಡನ್ನೂ ಕೂಡಿಸಿದರೆ ಸುಮಾರು 91 ಸಾವಿರ. ಐದು ವರ್ಷದ ಹಿಂದೆ ಇದೇ ಎರಡು ಪಕ್ಷಗಳ ಮೊತ್ತ 92 ಸಾವಿರ ಚಿಲ್ಲರೆ ಇತ್ತು ಅಲ್ವಾ? ಮೊತ್ತ ಹೆಚ್ಚೇನೂ ಬದಲಾಗಿಲ್ಲ. ಎರಡು ಕಡೆ ಬಿದ್ದಿದ್ದು ಒಂದು ಕಡೆ ಬಿತ್ತು, ಅಷ್ಟೇ. ಬಿಜೆಪಿಯ ಪಾಲು ನೂರಕ್ಕೆ 46ರ ಹತ್ತಿರ ಏರಿತು. 41ಕ್ಕೆ ಗೆದ್ದವರು 46ಕ್ಕೆ ಸೋತರು.

ನಮ್ಮ ಚುನಾವಣೆಯ ನಿಯಮವೇ ಹಾಗಿದೆ. ಅರ್ಧಕ್ಕಿಂತ ಹೆಚ್ಚು ಮತ ಬೇಕು ಅಂತ ಎಲ್ಲೂ ಇಲ್ಲ. ಪಕ್ಕದವನಿಗಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಹಾಗಾಗಿ "ನನಗೆ ಎಷ್ಟು ಬಿತ್ತು" ಅನ್ನುವಷ್ಟೇ "ಎದುರಾಳಿಗಳು ಎಷ್ಟು ಹೋಳಾದರು" ಅನ್ನೋದೂ ಮುಖ್ಯ. ಮಡಿಕೇರಿಯಲ್ಲಿ 2013ರಲ್ಲೂ ಇದೇ ಕತೆ. ರಂಜನ್ 56,696, ಜೀವಿಜಯ 52,067, ಅಂತರ 4,629. ಕಾಂಗ್ರೆಸ್ ಆಗಲೂ ಮೂರನೇ ಸ್ಥಾನದಲ್ಲಿ, 32 ಸಾವಿರ ಚಿಲ್ಲರೆ ಮತದೊಂದಿಗೆ. ಎರಡು ಚುನಾವಣೆಯಲ್ಲೂ ಗೆದ್ದವರ ದಾರಿಯನ್ನು ಸುಗಮ ಮಾಡಿದ್ದು ಮೂರನೇ ಸಾಲು. ಚುನಾವಣೆಗೆ ಮುಂಚೆ ಪಕ್ಷದವರು ಎದುರಾಳಿಗಿಂತ ಮೂರನೆಯವರ ಮನೆ ಕಡೆ ಜಾಸ್ತಿ ಓಡಾಡೋದು ಸುಮ್ನೆ ಅಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೊತ್ತ ಸರಿಹೊಂದಿತು ಅಂತ ಜೆಡಿಎಸ್‌ಗೆ ಹಾಕಿದವರೆಲ್ಲ ಎದ್ದು ಕಾಂಗ್ರೆಸ್‌ಗೆ ಹಾಕಿದರು ಅಂತ ಹೇಳೋಕಾಗಲ್ಲ. ಐದು ವರ್ಷದಲ್ಲಿ ಕೆಲವರು ತೀರಿಕೊಂಡಿರುತ್ತಾರೆ, 18 ತುಂಬಿದವರು ಪಟ್ಟಿಗೆ ಸೇರಿರುತ್ತಾರೆ, ಒಂದಷ್ಟು ಜನ ಬೆಂಗಳೂರಿಗೆ ಹೋಗಿರುತ್ತಾರೆ. ಜೆಡಿಎಸ್‌ನ ಒಂದು ಪಾಲು ಬಿಜೆಪಿಗೆ ಹೋಗಿ, ಬಿಜೆಪಿಯ ಇನ್ನೊಂದು ಪಾಲು ಕಾಂಗ್ರೆಸ್‌ಗೆ ಬಂದಿದ್ದರೂ ಕೊನೆಯ ಮೊತ್ತ ಹೀಗೇ ಕಾಣುತ್ತಿತ್ತು.

ಪಕ್ಕದ ಕ್ಷೇತ್ರವನ್ನೇ ನೋಡಿ. ವಿರಾಜಪೇಟೆಯಲ್ಲಿ 2018ರಲ್ಲಿ ಬಿಜೆಪಿಯ ಕೆ.ಜಿ. ಬೋಪಯ್ಯ 77,944 ಮತ ಪಡೆದು ಕಾಂಗ್ರೆಸ್‌ನ ಅರುಣ್ ಮಾಚಯ್ಯ ಅವರನ್ನು 13,353 ಮತಗಳಿಂದ ಸೋಲಿಸಿದ್ದರು. 2023ರಲ್ಲಿ ಬೋಪಯ್ಯ ಅವರಿಗೆ 79,500. ಇವರಿಗೂ ಮತ ಕಡಿಮೆಯಾಗಲಿಲ್ಲ, ಒಂದೂವರೆ ಸಾವಿರ ಹೆಚ್ಚೇ ಆಯ್ತು. ಗೆದ್ದಿದ್ದು ಕಾಂಗ್ರೆಸ್‌ನ ಎ.ಎಸ್. ಪೊನ್ನಣ್ಣ, 83,791 ಮತ ಪಡೆದು. ಅಂತರ 4,291. ಮೇಲಿನಿಂದ ನೋಡಿದರೆ ಮಡಿಕೇರಿಯದೇ ಪಡಿಯಚ್ಚು. ಆದರೆ ಇಲ್ಲಿ 2018ರಲ್ಲೂ ಸ್ಪರ್ಧೆ ಇಬ್ಬರದ್ದೇ. ಜೆಡಿಎಸ್‌ಗೆ ಬಿದ್ದಿದ್ದು 11 ಸಾವಿರದಷ್ಟು ಮಾತ್ರ. ಕಾಂಗ್ರೆಸ್ 64,591ರಿಂದ 83,791ಕ್ಕೆ, ಅಂದರೆ 19,200 ಮೇಲಕ್ಕೆ ಹೋಯಿತು. ಜೆಡಿಎಸ್‌ನ ಅಷ್ಟೂ ಮತ ಇವರಿಗೇ ಬಂತು ಅಂತಿಟ್ಟುಕೊಂಡರೂ ಇನ್ನೂ ಎಂಟು ಸಾವಿರ ಬೇರೆ ಕಡೆಯಿಂದ ಬರಬೇಕು. ಹೊಸ ಮತದಾರರು, ಹಿಂದಿನ ಸಲ ಮತಗಟ್ಟೆಗೇ ಬರದವರು, ಪಕ್ಷೇತರರಿಗೆ ಹಾಕಿದ್ದವರು. ಹಾಗಾಗಿ ನನ್ನ ಲೆಕ್ಕದಲ್ಲಿ ಮಡಿಕೇರಿಯ ಫಲಿತಾಂಶ ಮತ ಒಗ್ಗೂಡಿದ್ದರದ್ದು, ವಿರಾಜಪೇಟೆಯದು ಮತ ಬೆಳೆದದ್ದರದ್ದು. ಎರಡನ್ನೂ ಸೇರಿಸಿ "ಕೊಡಗಿನಲ್ಲಿ ಅಲೆ" ಅಂದುಬಿಟ್ಟರೆ ಕೆಲಸ ಸುಲಭ, ಆದರೆ ಏನೂ ತಿಳಿಯಲ್ಲ.

ಅಂತರದ ಬಗ್ಗೆ ಇನ್ನೊಂದು ಮಾತು. 4,402 ಮತಗಳ ಅಂತರ ಅಂದ ಕೂಡಲೇ ಫಲಿತಾಂಶ ತಿರುಗೋಕೆ 4,403 ಜನ ಮನಸ್ಸು ಬದಲಿಸಬೇಕಿತ್ತು ಅಂತ ನಾವು ಅಂದುಕೊಳ್ಳುತ್ತೇವೆ. ಬೇಕಿಲ್ಲ. ಒಬ್ಬರು ಈ ಕಡೆಯಿಂದ ಆ ಕಡೆಗೆ ಹೋದರೆ ಇಲ್ಲಿ ಒಂದು ಕಡಿಮೆ, ಅಲ್ಲಿ ಒಂದು ಜಾಸ್ತಿ. ಅಂತರ ಎರಡು ಕಡಿಮೆಯಾಗುತ್ತದೆ. 2,201 ಜನ ಹೋಗಿದ್ದರೆ ಇಬ್ಬರಿಗೂ 82,678. ಇನ್ನೊಬ್ಬರು ಹೋಗಿದ್ದರೆ ಗೆದ್ದವರೇ ಬೇರೆ. ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುವ ಕ್ಷೇತ್ರದಲ್ಲಿ ಇದು ನಾಲ್ಕೈದು ದೊಡ್ಡ ಮತಗಟ್ಟೆಗಳ ಲೆಕ್ಕ.

ರಾಜ್ಯದ ಮಟ್ಟದಲ್ಲೂ ಇದೇ ಆಟ. 2018ರಲ್ಲಿ ಇಡೀ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು, ಬಿಜೆಪಿಗೆ ಶೇ 36ರಷ್ಟು ಮತ. ಆದರೆ ಹೆಚ್ಚು ಸೀಟು ಗೆದ್ದಿದ್ದು ಬಿಜೆಪಿ, 104. 2023ರಲ್ಲೂ ಬಿಜೆಪಿಗೆ ಶೇ 36. ಮತಪಾಲು ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು, ಸೀಟು 66ಕ್ಕೆ ಇಳಿಯಿತು. ಜೆಡಿಎಸ್ ಶೇ 18ರಿಂದ 13ಕ್ಕೆ ಬಿತ್ತು, ಕಾಂಗ್ರೆಸ್ 43ರ ಹತ್ತಿರಕ್ಕೆ ಏರಿ 135 ಸೀಟು ಗೆದ್ದಿತು. ಬಿಜೆಪಿಯ ಮತದಾರರು ಕೈಬಿಟ್ಟರು ಅಂತ ಅವತ್ತು ಬಹಳ ಜನ ಬರೆದರು. ಅಂಕಿ ಅಷ್ಟು ಸರಳವಾಗಿ ಹೇಳೋದಿಲ್ಲ.

ಇನ್ನು ಕೊಡಗಿಗೆ ಎರಡೇ ಸೀಟು ಯಾಕೆ ಅನ್ನೋದು. ಇದು ಹಿರಿಯರು ಇವತ್ತಿಗೂ ಎತ್ತುವ ಮಾತು. ಅದರಲ್ಲಿ ನ್ಯಾಯವೂ ಇದೆ, ಗಣಿತವೂ ಇದೆ.

1952ರಲ್ಲಿ ಕೊಡಗು ತನ್ನದೇ ವಿಧಾನಸಭೆ ಇದ್ದ ರಾಜ್ಯ. 24 ಶಾಸಕರು. ಆಗಿನ ಜನಸಂಖ್ಯೆ 2.29 ಲಕ್ಷ, ಅಂದರೆ ಹತ್ತು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬ ಶಾಸಕ. ಆ ಚುನಾವಣೆ ನಡೆದಿದ್ದೇ ಮೈಸೂರಿನ ಜೊತೆ ಸೇರಬೇಕೋ ಬೇಡವೋ ಅನ್ನುವ ಪ್ರಶ್ನೆಯ ಮೇಲೆ. ಕಾಂಗ್ರೆಸ್ 15 ಗೆದ್ದಿತು. ವಿಲೀನ ಬೇಡ ಎಂದ ಪಂದ್ಯಂಡ ಬೆಳ್ಳಿಯಪ್ಪನವರ ಮುಂದಾಳತ್ವದ ತಕ್ಕಡಿ ಪಕ್ಷದವರು ಪಕ್ಷೇತರರಾಗಿ 9 ಗೆದ್ದರು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಇಬ್ಬರೇ ಮಂತ್ರಿಗಳ ಸರ್ಕಾರ ಅದು. ಈಗಿನ ಸಂಪುಟಗಳನ್ನು ನೋಡಿದವರಿಗೆ ನಂಬೋಕೆ ಕಷ್ಟ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

2004ರ ಚುನಾವಣೆವರೆಗೆ ಜಿಲ್ಲೆಗೆ ಮೂರು ಸೀಟು ಇತ್ತು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಹೋಯಿತು. ಲೆಕ್ಕ ಹೀಗೆ: 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. 224 ಸೀಟಿಗೆ ಹಂಚಿದರೆ ಒಂದಕ್ಕೆ ಸರಾಸರಿ 2.36 ಲಕ್ಷ. ಕೊಡಗಿನ ಜನಸಂಖ್ಯೆ 5,48,561. ಭಾಗಿಸಿದರೆ 2.3. ಮೂರನೇ ಸೀಟಿಗೆ ಜನ ಸಾಲಲಿಲ್ಲ. ಕ್ಷೇತ್ರದ ಉದ್ದಗಲ, ಬೆಟ್ಟ, ಕಾಡು, ಮಳೆಗಾಲದಲ್ಲಿ ಕುಸಿಯುವ ರಸ್ತೆ, ಇದ್ಯಾವುದಕ್ಕೂ ಈ ಭಾಗಾಕಾರದಲ್ಲಿ ಹೆಚ್ಚು ಬೆಲೆ ಇಲ್ಲ. ಬೆಂಗಳೂರಿನ ಶಾಸಕರೊಬ್ಬರು ಬೈಕಿನಲ್ಲಿ ಒಂದು ಗಂಟೆಯಲ್ಲಿ ಕ್ಷೇತ್ರ ಸುತ್ತಬಹುದು. ಮಡಿಕೇರಿ ಶಾಸಕರು ಶನಿವಾರಸಂತೆಯಿಂದ ಸಂಪಾಜೆಗೆ ಬರೋಕೆ ಅರ್ಧ ದಿನ ಎತ್ತಿಡಬೇಕು.

ಮುಂದೆ ಏನು? 2001ರಿಂದ 2011ಕ್ಕೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಮೇಲೆ ಬೆಳೆದರೆ ಕೊಡಗು ಬೆಳೆದಿದ್ದು ಶೇ 1ರಷ್ಟು ಮಾತ್ರ, 5,54,519ಕ್ಕೆ. 2011ರ ಅಂಕಿ ಇಟ್ಟುಕೊಂಡು ಇದೇ ಭಾಗಾಕಾರ ಮಾಡಿದರೆ ಉತ್ತರ 2.03. ಸಂವಿಧಾನದ ಪ್ರಕಾರ ಸೀಟಿನ ಸಂಖ್ಯೆಯ ಮರುಲೆಕ್ಕ 2026ರ ನಂತರದ ಮೊದಲ ಜನಗಣತಿ ಆಧಾರದಲ್ಲಿ ಆಗಬೇಕು. ರಾಜ್ಯದ ಒಟ್ಟು ಸೀಟು ಹೆಚ್ಚಾಗದೆ ಕೊಡಗಿಗೆ ಮೂರನೆಯದು ಮರಳಿ ಬರುತ್ತದೆ ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದರೆ ಈ 2.03 ನೆನಪಿರಲಿ.

ಮರುವಿಂಗಡಣೆಯಲ್ಲಿ ಹೋದದ್ದು ಒಂದು ಸೀಟು ಮಾತ್ರ ಅಲ್ಲ. ಹಳೆಯ ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಸುಮಾ ವಸಂತ, ಎಚ್.ಡಿ. ಬಸವರಾಜು ಅವರಂಥವರು ಗೆದ್ದು ಬಂದ ಕ್ಷೇತ್ರ. ಆಗ ಇಡೀ ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಇದ್ದಿದ್ದೇ ಎರಡು ಸೀಟು. 1991ರಲ್ಲಿ ನಾಯಕ ಸಮುದಾಯ ಈ ಪಟ್ಟಿಗೆ ಸೇರಿತು. ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ ಪರಿಶಿಷ್ಟ ಪಂಗಡದವರ ಸಂಖ್ಯೆ ಒಮ್ಮೆಲೇ ಏರಿತು. 2008ರಲ್ಲಿ ಮೀಸಲು ಸೀಟು 15 ಆಯಿತು. ಯಾವ ಕ್ಷೇತ್ರದಲ್ಲಿ ಅವರ ಪ್ರಮಾಣ ಹೆಚ್ಚೋ ಅಲ್ಲಿಗೆ ಮೀಸಲು ಅನ್ನುವುದು ನಿಯಮ. ಹಾಗಾಗಿ ಸೀಟು ಎರಡರಿಂದ ಹದಿನೈದಾದಾಗಲೇ ಯರವರು, ಜೇನುಕುರುಬರು ಇರುವ ಕೊಡಗಿನ ಒಂದು ಸೀಟು ಕೈತಪ್ಪಿತು. ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ಆಮೇಲೆ ಹಾಡಿಯ, ಅಂದರೆ ಬುಡಕಟ್ಟು ಜನರ ಕೇರಿಯ, ಒಬ್ಬರಿಗೆ ಇಲ್ಲಿ ದೊಡ್ಡ ಪಕ್ಷಗಳ ಟಿಕೆಟ್ ಸಿಗೋದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಫಲಿತಾಂಶ ನೋಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. 2004ರ ಮಡಿಕೇರಿಯೂ 2008ರ ಮಡಿಕೇರಿಯೂ ಹೆಸರಿಗೆ ಒಂದೇ, ಜಾಗ ಬೇರೆ. ಬೋಪಯ್ಯ 2004ರಲ್ಲಿ ಗೆದ್ದಿದ್ದು ಮಡಿಕೇರಿಯಲ್ಲಿ, 2008ರಿಂದ ವಿರಾಜಪೇಟೆಯಲ್ಲಿ. ರಂಜನ್ ಮೊದಲು ಸೋಮವಾರಪೇಟೆಯವರು, ಆಮೇಲೆ ಮಡಿಕೇರಿಯವರು. ಇವತ್ತು ನಾಪೋಕ್ಲಿನವರು ತಾಲ್ಲೂಕು ಕಚೇರಿಗೆ ಮಡಿಕೇರಿಗೆ ಬರುತ್ತಾರೆ, ಮತ ಹಾಕೋದು ವಿರಾಜಪೇಟೆ ಶಾಸಕರಿಗೆ. ಲೋಕಸಭೆಯಲ್ಲೂ ಅಷ್ಟೇ. 2008ರ ಮುಂಚೆ ಕೊಡಗು ಮಂಗಳೂರಿನ ಜೊತೆ ಇತ್ತು, ಈಗ ಮೈಸೂರಿನ ಜೊತೆ. ಹೆಸರು ನೋಡಿ ಹೋಲಿಸಿದರೆ ದಾರಿ ತಪ್ಪುತ್ತೀರಿ.

ಇಲ್ಲವಾದ ಆ ಸೋಮವಾರಪೇಟೆ ಕ್ಷೇತ್ರಕ್ಕೆ ದೊಡ್ಡ ಕತೆಯೇ ಇದೆ. ಕುಶಾಲನಗರದ ಆರ್. ಗುಂಡೂರಾವ್ ಅಲ್ಲಿಂದ ಗೆದ್ದು 1980ರಲ್ಲಿ ಮುಖ್ಯಮಂತ್ರಿಯಾದವರು. 1983ರ ಚುನಾವಣೆಯಲ್ಲಿ ಹಾಲಿ ಮುಖ್ಯಮಂತ್ರಿಯಾಗಿದ್ದಾಗಲೇ ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತರು. ಸೋಲಿಸಿದವರು ಜನತಾ ಪಕ್ಷದ ಯುವಕ ಬಿ.ಎ. ಜೀವಿಜಯ. 35 ವರ್ಷದ ಬಳಿಕ, 2018ರಲ್ಲಿ ಮಡಿಕೇರಿಯಲ್ಲಿ ಎರಡನೇ ಸ್ಥಾನಕ್ಕೆ ಬಂದ ಅದೇ ಜೀವಿಜಯ. ಕೊಡಗಿನ ರಾಜಕೀಯದಲ್ಲಿ ಹೆಸರುಗಳು ಬೇಗ ಹಳತಾಗುವುದಿಲ್ಲ.

ಅಭ್ಯರ್ಥಿ ಆಗೋದು ಹೇಗೆ ಅನ್ನುವ ಕಡೆಗೆ ಬರೋಣ. 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಯಾವುದಾದರೂ ಅಂದೆ, ಗಮನಿಸಿ. 2023ರಲ್ಲಿ ಮಂತರ್ ಗೌಡ "ಹೊರಗಿನವರು" ಅನ್ನುವ ಮಾತು ಜೋರಾಗಿತ್ತು. ಅವರ ತಂದೆ ಎ. ಮಂಜು ಹಾಸನ ಜಿಲ್ಲೆಯ ಅರಕಲಗೂಡಿನ ರಾಜಕಾರಣಿ. ಕಾನೂನಿನ ಕಣ್ಣಿಗೆ ಇದು ವಿಷಯವೇ ಅಲ್ಲ. ಬೀದರಿನ ಮತದಾರರೂ ವಿರಾಜಪೇಟೆಯಲ್ಲಿ ನಿಲ್ಲಬಹುದು. ಮತದಾರರಿಗೆ ಅದು ವಿಷಯ ಆಗಬಹುದು, ಅದು ಅವರ ಹಕ್ಕು. ಅಂದಹಾಗೆ ಇದೇ ಮಂತರ್ ಗೌಡ 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಬಿಜೆಪಿಯ ಸುಜಾ ಕುಶಾಲಪ್ಪ ಅವರೆದುರು 102 ಮತದಿಂದ ಸೋತಿದ್ದರು. ಅಲ್ಲಿ ಮತ ಹಾಕೋದು ಪಂಚಾಯಿತಿ, ಪುರಸಭೆ ಸದಸ್ಯರಂಥವರು ಮಾತ್ರ. ಒಂದೂವರೆ ವರ್ಷದೊಳಗೆ ಅದೇ ಜಿಲ್ಲೆಯಲ್ಲಿ ಜನರ ಮತದಿಂದ ಗೆದ್ದರು.

ನಾಮಪತ್ರಕ್ಕೆ ಮಾನ್ಯತೆ ಪಡೆದ ಪಕ್ಷದವರಾದರೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಜನ ಬೇಕು. ಠೇವಣಿ 10 ಸಾವಿರ, ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಸಾವಿರ. ಟಿಕೆಟ್ ಸಿಕ್ಕಿತು ಅಂತ ಪಟಾಕಿ ಹೊಡೆದರೆ ಆಗಲಿಲ್ಲ, ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಬಿ ಫಾರಂ ಕೈಗೆ ಬರಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ಚುನಾವಣಾಧಿಕಾರಿ ಮೇಜಿಗೆ ತಲುಪದಿದ್ದರೆ ಪಕ್ಷದ ಚಿಹ್ನೆ ಇಲ್ಲ. ಎಷ್ಟೋ ಬಂಡಾಯಗಳು ಹುಟ್ಟೋದು ಆ ಮೂರು ಗಂಟೆಯ ಹಿಂದೆಮುಂದೆ.

ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರವನ್ನು ಬಹಳ ಜನ ಓದುವುದೇ ಇಲ್ಲ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಆಸ್ತಿ, ಸಾಲ, ಕೇಸು, ಓದು ಎಲ್ಲ ಅದರಲ್ಲಿ ಇರುತ್ತದೆ. ಕೊಡಗಿನ ಅಭ್ಯರ್ಥಿಯದ್ದಾದರೆ ನಾನು ಮೊದಲು ನೋಡೋದು ಕೃಷಿ ಜಮೀನಿನ ಕಾಲಂ. ಎಷ್ಟು ಎಕರೆ, ಪಿತ್ರಾರ್ಜಿತವೋ ಸ್ವಂತ ಖರೀದಿಯೋ, ಕೊಂಡಿದ್ದರೆ ಯಾವಾಗ, ಎಷ್ಟಕ್ಕೆ, ಈಗಿನ ಬೆಲೆ ಎಷ್ಟು ಅಂತ ಬೇರೆ ಬೇರೆ ಬರೆದಿರಬೇಕು. ಅದೇ ಅಭ್ಯರ್ಥಿ ಐದು ವರ್ಷದ ಹಿಂದೆ ಕೊಟ್ಟದ್ದನ್ನು ಪಕ್ಕದಲ್ಲಿಟ್ಟು ಓದಿದರೆ ಭಾಷಣದಲ್ಲಿ ಸಿಗದ ಸಂಗತಿಗಳು ಸಿಗುತ್ತವೆ. ಖರ್ಚಿನ ಮಿತಿ 40 ಲಕ್ಷ. ಇದರ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು.

ಚುನಾವಣೆ ಘೋಷಣೆಯಾದ ಕೂಡಲೇ ಕೊಡಗಿನಲ್ಲಿ ಏಳುವ ಇನ್ನೊಂದು ತಕರಾರು ಕೋವಿಯದು. ಪರವಾನಗಿ ಇರುವ ಕೋವಿಗಳನ್ನು ಠಾಣೆಯಲ್ಲಿ ಇಡಿ ಅಂತ ಆದೇಶ ಬರುತ್ತದೆ, ತೋಟಕ್ಕೆ ಆನೆ, ಹಂದಿ ಬರುವಾಗ ನಾವೇನು ಮಾಡಬೇಕು ಅಂತ ಬೆಳೆಗಾರರು ಕೇಳುತ್ತಾರೆ. ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗೋದು ಸ್ವಲ್ಪ ಕಷ್ಟ.

ಎಣಿಕೆಯ ದಿನ ಬೆಳಿಗ್ಗೆ 8ಕ್ಕೆ ಮೊದಲು ಅಂಚೆ ಮತ. ಸೇನೆಯಲ್ಲಿರುವವರ ಮತ ಇದರಲ್ಲೇ ಬರುತ್ತದೆ. ಹಾಗಾಗಿ ಕೊಡಗಿನಲ್ಲಿ ಈ ಕಟ್ಟುಗಳ ಮೇಲೆ ಎಲ್ಲರಿಗೂ ಒಂದು ಕಣ್ಣು. ಅರ್ಧ ಗಂಟೆ ಬಿಟ್ಟು ಯಂತ್ರಗಳು. ಸಾಮಾನ್ಯವಾಗಿ 14 ಮೇಜು. ಒಂದು ಮೇಜಿಗೆ ಒಂದು ಮತಗಟ್ಟೆಯ ಕಂಟ್ರೋಲ್ ಯೂನಿಟ್ ಬರುತ್ತದೆ. ತಂತಿಬಲೆಯ ಈಚೆ ಪಕ್ಷಗಳ ಏಜೆಂಟರು ಕೂತಿರುತ್ತಾರೆ. ಅಧಿಕಾರಿ ಸೀಲು ತೋರಿಸಿ, ಒಡೆದು, ರಿಸಲ್ಟ್ ಬಟನ್ ಒತ್ತಿದರೆ ಒಂದನೇ ಅಭ್ಯರ್ಥಿಯಿಂದ ಶುರುವಾಗಿ ಒಬ್ಬೊಬ್ಬರ ಮತ ಪರದೆಯಲ್ಲಿ ಬರುತ್ತದೆ. ಕೊನೆಗೆ ನೋಟಾ. ಒಳ್ಳೆಯ ಏಜೆಂಟ್ ಕೈಯಲ್ಲಿ ಮತದಾನದ ದಿನ ಮತಗಟ್ಟೆಯಲ್ಲೇ ಸಿಕ್ಕ 17ಸಿ ನಮೂನೆಯ ಪ್ರತಿ ಇರುತ್ತದೆ. ಅವತ್ತು ಸಂಜೆ ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿದ್ದಿತ್ತು, ಈಗ ಯಂತ್ರ ಎಷ್ಟು ತೋರಿಸುತ್ತಿದೆ, ಎರಡೂ ಒಂದೇ ಇರಬೇಕು. ಅನುಮಾನ ಇರುವವರಿಗೆ ಇದಕ್ಕಿಂತ ಸರಳ ಪರೀಕ್ಷೆ ಇಲ್ಲ. ಆದರೆ ಪ್ರತಿ ಮತಗಟ್ಟೆಯ 17ಸಿ ಜೋಪಾನ ಮಾಡಿ ತರುವ ಶಿಸ್ತು ದೊಡ್ಡ ಪಕ್ಷಗಳಿಗೂ ಕಷ್ಟ.

14 ಮೇಜಿನ ಲೆಕ್ಕ ಮುಗಿದರೆ ಒಂದು ಸುತ್ತು. ಕ್ಷೇತ್ರದಲ್ಲಿ 270 ಮತಗಟ್ಟೆ ಇದೆ ಅಂತಿಟ್ಟುಕೊಳ್ಳಿ, 20 ಸುತ್ತು ಆಗುತ್ತದೆ. ಮತಗಟ್ಟೆಗಳು ಬರೋದು ಕ್ರಮಸಂಖ್ಯೆಯಲ್ಲಿ. ಅಂದರೆ ಅಕ್ಕಪಕ್ಕದ ಊರುಗಳು ಒಟ್ಟೊಟ್ಟಿಗೆ ಬರುತ್ತವೆ. ಶನಿವಾರಸಂತೆ ಕಡೆಯವು ಒಂದೆರಡು ಸುತ್ತಿನಲ್ಲಿ, ಕುಶಾಲನಗರದವು ಇನ್ನೆರಡರಲ್ಲಿ, ಮಡಿಕೇರಿ ಪೇಟೆಯವು ಮತ್ತೊಂದರಲ್ಲಿ. ಐದನೇ ಸುತ್ತಿನಲ್ಲಿ ಮೂರು ಸಾವಿರ ಮುಂದಿದ್ದವರು ಹತ್ತನೆಯದರಲ್ಲಿ ಹಿಂದೆ ಬೀಳೋದಕ್ಕೆ ಮಸಲತ್ತು ಏನೂ ಬೇಕಿಲ್ಲ, ಊರು ಬದಲಾಗಿರುತ್ತದೆ. ಹಳೇ ಕಾರ್ಯಕರ್ತರು ಲೀಡ್ ಕೇಳುವ ಮೊದಲು "ಯಾವ ಕಡೆ ಬೂತ್ ಆಯ್ತು?" ಅಂತ ಕೇಳೋದು ಇದಕ್ಕೇ.

ಎಲ್ಲ ಮುಗಿದ ಮೇಲೆ ಚೀಟಿ ಎತ್ತಿ ಐದು ಮತಗಟ್ಟೆಗಳ ವಿವಿಪ್ಯಾಟ್ ಕಾಗದ (ಮತ ಯಾರಿಗೆ ಬಿತ್ತು ಅಂತ ಮುದ್ರಿಸಿ ಪೆಟ್ಟಿಗೆಗೆ ಬೀಳುವ ಚೀಟಿ) ಎಣಿಸಿ ಯಂತ್ರದ ಜೊತೆ ತಾಳೆ ನೋಡುತ್ತಾರೆ. ಅಂತರ ತೀರಾ ಕಡಿಮೆ ಇದ್ದರೆ ಮರುಎಣಿಕೆ ಕೇಳಬಹುದು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮೊದಲು ಕಾಂಗ್ರೆಸ್ ಮುಂದಿತ್ತು, ಮರುಎಣಿಕೆ ಮುಗಿದಾಗ ನಡುರಾತ್ರಿ ಬಿಜೆಪಿ 16 ಮತದಿಂದ ಗೆದ್ದಿತ್ತು. 2004ರಲ್ಲಿ ಚಾಮರಾಜನಗರದ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಎದುರು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಸೋತಿದ್ದು ಒಂದೇ ಒಂದು ಮತದಿಂದ. ಆ ಒಂದೂ ಇಲ್ಲದೆ ಸಮ ಆದರೆ? ಚೀಟಿ ಎತ್ತುತ್ತಾರೆ. ಕಾನೂನಿನಲ್ಲೇ ಹಾಗಿದೆ.

ಠೇವಣಿ ಹೋಯ್ತು ಅನ್ನೋದನ್ನು ನಾವು ಬೈಗುಳದಂತೆ ಬಳಸುತ್ತೇವೆ. ಅದರ ಲೆಕ್ಕ ಇಷ್ಟೆ: ಎಲ್ಲ ಅಭ್ಯರ್ಥಿಗಳಿಗೂ ಬಿದ್ದ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿರಬೇಕು. ನೋಟಾ ಇದರಲ್ಲಿ ಸೇರಲ್ಲ. ಮಡಿಕೇರಿಯಲ್ಲಿ ಆ ಗೆರೆ 29 ಸಾವಿರದ ಆಸುಪಾಸು. 2018ರಲ್ಲಿ ಮೂರನೆಯವರಾದ ಚಂದ್ರಕಲಾ 38 ಸಾವಿರ ಪಡೆದು ಠೇವಣಿ ಉಳಿಸಿಕೊಂಡರು. 2023ರಲ್ಲಿ ಮೂರನೆಯವರು ಆ ಗೆರೆಯ ಹತ್ತಿರವೂ ಬರಲಿಲ್ಲ. ಕ್ಷೇತ್ರದಲ್ಲಿ ಸ್ಪರ್ಧೆ ನಿಜಕ್ಕೂ ಮೂರು ಮೂಲೆಯದೋ ಅಲ್ಲವೋ ಅಂತ ಒಂದೇ ನೋಟಕ್ಕೆ ತಿಳಿಯಬೇಕಾದರೆ ಮೂರನೆಯವರ ಠೇವಣಿ ಉಳಿಯಿತಾ ಅಂತ ನೋಡಿ. ನೋಟಾ ಬಂದಿದ್ದು 2013ರ ಕೊನೆಗೆ. ಅದಕ್ಕೆ ಗೆದ್ದವರಿಗಿಂತ ಹೆಚ್ಚು ಮತ ಬಿದ್ದರೂ ವಿಧಾನಸಭೆ ಚುನಾವಣೆಯಲ್ಲಿ ಗೆಲ್ಲೋದು ಅಭ್ಯರ್ಥಿಯೇ.

ಗೆದ್ದ ಪ್ರಮಾಣಪತ್ರ ಕೈಗೆ ಬಂದ ಮೇಲೂ ಎಲ್ಲ ಮುಗಿಯಲಿಲ್ಲ. 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಆಮೇಲೆ ಪಕ್ಷಾಂತರ ನಿಷೇಧ ಕಾನೂನು ಇದೆ. ಅದರ ಮೊದಲ ತೀರ್ಪು ವಿಧಾನಸಭಾಧ್ಯಕ್ಷರ ಕೈಯಲ್ಲಿ. 2010ರಲ್ಲಿ ಆ ಕುರ್ಚಿಯಲ್ಲಿದ್ದವರು ವಿರಾಜಪೇಟೆಯ ಬೋಪಯ್ಯ. ಯಡಿಯೂರಪ್ಪ ಸರ್ಕಾರದ ವಿಶ್ವಾಸಮತಕ್ಕೆ ಮುಂಚೆ ಅವರು 16 ಶಾಸಕರನ್ನು ಅನರ್ಹ ಮಾಡಿದರು. ಸರ್ಕಾರ ಉಳಿಯಿತು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಇಷ್ಟೆಲ್ಲ ಆದ ಮೇಲೂ ನಿಮ್ಮ ಊರಿನ ಲೆಕ್ಕ ನೋಡಬೇಕು ಅನಿಸಿದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ನಮೂನೆ 20 ಅಂತ ಇರುತ್ತದೆ. ಮತಗಟ್ಟೆವಾರು ಪೂರ್ತಿ ಪಟ್ಟಿ. ಮೊದಲು ಮಾಡಬೇಕಾದ್ದು ಮತಗಟ್ಟೆ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳೋದು, ಯಾಕೆಂದರೆ ನಮೂನೆ 20ರಲ್ಲಿ ಊರಿನ ಹೆಸರಿಲ್ಲ, ಸಂಖ್ಯೆ ಮಾತ್ರ. ಎರಡು ಚುನಾವಣೆಯ ನಡುವೆ ಮತಗಟ್ಟೆಯ ಸಂಖ್ಯೆಯೂ ಬದಲಾಗಿರಬಹುದು, ಅದನ್ನೂ ನೋಡಿಕೊಳ್ಳಿ. ಆಮೇಲೆ ಮೂರನೆಯವರಿಗೆ 2018ರಲ್ಲಿ ಎಲ್ಲಿ ಜಾಸ್ತಿ ಬಿದ್ದಿತ್ತು, ಅದೇ ಊರಲ್ಲಿ 2023ರಲ್ಲಿ ಯಾರಿಗೆ ಏರಿತು ಅಂತ ಗುರುತು ಹಾಕುತ್ತಾ ಹೋದರೆ ಮೊದಲು ಹೇಳಿದ 92 ಸಾವಿರ, 91 ಸಾವಿರದ ಗಂಟು ಊರೂರಾಗಿ ಬಿಚ್ಚಿಕೊಳ್ಳುತ್ತದೆ.

ಈ ಪಟ್ಟಿಗೆ ಇನ್ನೊಂದು ಮುಖವೂ ಇದೆ. ಕೊಡಗಿನಲ್ಲಿ ಕೆಲವು ಮತಗಟ್ಟೆಗಳು ತೀರಾ ಚಿಕ್ಕವು. ಒಂದು ಹಾಡಿ, ಒಂದೆರಡು ತೋಟದ ಕಾರ್ಮಿಕರ ಲೈನ್ ಮನೆಗಳು, ಅಷ್ಟೇ. ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗದಿರಬಹುದು. ಆ ಲೈನಿನವರು ಒಟ್ಟಾರೆ ಯಾರಿಗೆ ಹಾಕಿದರು ಅನ್ನೋದು ತೋಟದವರಿಗೂ, ಗೆದ್ದವರಿಗೂ, ಸೋತವರಿಗೂ ಕಾಗದದ ಮೇಲೆ ಕಾಣುತ್ತದೆ. ಹಿಂದೆ ಕಾಗದದ ಮತಪತ್ರ ಇದ್ದಾಗ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸುವುದಕ್ಕೆ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುವ ಟೋಟಲೈಜರ್ ಬಳಸೋಣ ಅಂತ ಚುನಾವಣಾ ಆಯೋಗ ಹೇಳಿ ವರ್ಷಗಳಾದವು. 2015ರಲ್ಲಿ ಕಾನೂನು ಆಯೋಗವೂ ಹೌದು ಅಂದಿತು. ಇನ್ನೂ ಜಾರಿಗೆ ಬಂದಿಲ್ಲ. ಪಕ್ಷಗಳಿಗೂ ಅದರ ಅವಸರ ಇದ್ದಂತಿಲ್ಲ. ಬೂತ್ ಲೆಕ್ಕ ಇಲ್ಲದೆ ಅವರ ಮುಂದಿನ ಚುನಾವಣೆಯ ತಯಾರಿ ಶುರುವಾಗುವುದೇ ಇಲ್ಲ.